ತಾನೇ ಕರೆ ಜೋಡಿಸುವ ಯಂತ್ರದ ಜನಕ – ಆಲ್ಮನ್ ಸ್ಟ್ರೌಜರ್

ದೂರವಾಣಿಯನ್ನು ಕಂಡುಹಿಡಿದವರು ಯಾರೆಂದು ಕೇಳಿದರೆ ಅಲೆಕ್ಸಾಂಡರ್ ಗ್ರಹಾಂ ಬೆಲ್ ಎಂದು ನಾವೆಲ್ಲರೂ ಥಟ್ಟನೆ ಹೇಳುತ್ತೇವೆ. ಆದರೆ ನೂರಾರು ದೂರವಾಣಿಗಳ ನಡುವೆ ನಾವು ಬಯಸಿದ ಒಂದಕ್ಕೇ ಕರೆ ಹೋಗಿ ಸೇರುವಂತೆ ಮಾಡುವ ಯಂತ್ರವನ್ನು ಕೊಟ್ಟವರು ಬೇರೊಬ್ಬರು. ಅವರೇ ದೂರವಾಣಿ ಕ್ಷೇತ್ರದಲ್ಲಿ ಹೆಸರುವಾಸಿಯಾದ ಆಲ್ಮನ್ ಬ್ರೌನ್ ಸ್ಟ್ರೌಜರ್.

ಸ್ಟ್ರೌಜರ್ 1839ರ ಫೆಬ್ರವರಿ 11ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪೆನ್‌ಫೀಲ್ಡ್ ಎಂಬ ಊರಿನಲ್ಲಿ ಜನಿಸಿದರು. ಅಮೆರಿಕದ ಅಂತರ್ಯುದ್ಧದಲ್ಲಿ ಕುದುರೆ ಸವಾರರ ಪಡೆಯಲ್ಲಿ ಸೇವೆ ಸಲ್ಲಿಸಿದರು. ಕೆಲವು ಕಾಲ ಶಾಲಾ ಉಪಾಧ್ಯಾಯರೂ ಆಗಿದ್ದರು. ಮುಂದೆ ಶವಸಂಸ್ಕಾರದ ಏರ್ಪಾಟು ಮಾಡಿಕೊಡುವ ವೃತ್ತಿ ಹಿಡಿದು ಕಾನ್ಸಾಸ್ ಸಿಟಿಯಲ್ಲಿ ನೆಲೆಸಿದರು.

ಆಗ ದೂರವಾಣಿ ಕೇಂದ್ರದಲ್ಲಿ, ಅಂದರೆ ಎಕ್ಸ್‌ಚೇಂಜಿನಲ್ಲಿ, ಆಪರೇಟರ್ ಕುಳಿತು ಯಾರು ಬೇಕೆಂದು ಕೇಳಿ, ಇಬ್ಬರ ತಂತಿಗಳನ್ನು ಕೈಯಿಂದಲೇ ಜೋಡಿಸಬೇಕಿತ್ತು. ನಮ್ಮ ನಾರಾಯಣಪೇಟೆ, ಮಕ್ತಲ, ಗದ್ವಾಲಗಳ ಹಿರಿಯರಿಗೆ ಇದು ಹೊಸದಲ್ಲ. ಹೈದರಾಬಾದಿನ ವ್ಯಾಪಾರಿಯೊಡನೆ ಮಾತನಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾದು ಕುಳಿತ ಕಾಲವನ್ನು ಅವರು ಬಲ್ಲರು.

ಸ್ಟ್ರೌಜರ್ ಅವರಿಗೆ ಬರಬೇಕಾದ ಕರೆಗಳು ಬರದೆ ವ್ಯಾಪಾರ ಕುಸಿಯಿತು. ಅವರ ಪ್ರತಿಸ್ಪರ್ಧಿಯ ಹೆಂಡತಿಯೇ ಆಪರೇಟರ್ ಆಗಿದ್ದು, ಕರೆಗಳನ್ನು ಗಂಡನ ಕಡೆಗೆ ತಿರುಗಿಸುತ್ತಿದ್ದಳೆಂದು ಒಂದು ಕಥೆಯಿದೆ. ಈ ಕಥೆಯನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳುತ್ತಾರೆ. ಅದೇನೇ ಇರಲಿ, ಅವರು ಜಗಳ ಕಾಯುತ್ತ ಕೂಡಲಿಲ್ಲ. ಕರೆಯುವವನೇ ತನಗೆ ಬೇಕಾದ ಸಂಖ್ಯೆಯನ್ನು ಆರಿಸಿಕೊಂಡರೆ ಪಕ್ಷಪಾತಕ್ಕೆ ಎಡೆ ಎಲ್ಲಿಯದು ಎಂದು ಯೋಚಿಸಿದರು. ಅಂಗಿಯ ಕಾಲರುಗಳನ್ನಿಡುವ ದುಂಡು ಡಬ್ಬಿಗೆ ಗುಂಡುಸೂಜಿ ಚುಚ್ಚಿ ಮೊದಲ ಮಾದರಿ ಮಾಡಿದರೆಂದು ಪ್ರತೀತಿ.

1891ರ ಮಾರ್ಚ್ 10ರಂದು ಅವರಿಗೆ ಪೇಟೆಂಟ್ ದೊರೆಯಿತು. ಅದೇ ವರ್ಷ ಸೋದರನ ಮಗನೂ ಇತರರೂ ಸೇರಿ ಕಂಪನಿ ಸ್ಥಾಪಿಸಿದರು. 1892ರ ನವೆಂಬರ್ 3ರಂದು ಇಂಡಿಯಾನಾ ರಾಜ್ಯದ ಲಾ ಪೋರ್ಟ್‌ನಲ್ಲಿ ಅವರ ಸ್ವಯಂಚಾಲಿತ ಎಕ್ಸ್‌ಚೇಂಜ್ ಆರಂಭವಾಯಿತು. ಮೊದಲಿಗೆ ಗುಂಡಿಗಳನ್ನು ಎಣಿಸಿ ಒತ್ತಬೇಕಿತ್ತು. ಬೆರಳಿಟ್ಟು ತಿರುಗಿಸುವ ಡಯಲನ್ನು ಕಂಪನಿಯ ತಂತ್ರಜ್ಞರು 1896ರಲ್ಲಿ ರೂಪಿಸಿದರು.

ಈ ಯಂತ್ರ ಕೆಲಸ ಮಾಡುವ ಬಗೆ ಸ್ವಾರಸ್ಯವಾದುದು. ಡಯಲಿನಲ್ಲಿ 4 ತಿರುಗಿಸಿದರೆ ತಂತಿಯ ವಿದ್ಯುತ್ತು ನಾಲ್ಕು ಸಲ ಕಡಿದು ಕೂಡುತ್ತದೆ. ಇದಕ್ಕೆ ಪಲ್ಸ್ ಎನ್ನುತ್ತಾರೆ. ಸೊನ್ನೆಗೆ ಹತ್ತು ಪಲ್ಸುಗಳು. ಎಕ್ಸ್‌ಚೇಂಜಿನಲ್ಲಿರುವ ಸೆಲೆಕ್ಟರ್ ಎಂಬ ಸಾಧನದ ತೋಳು ಈ ಪಲ್ಸುಗಳನ್ನು ಅನುಸರಿಸಿ ಚಲಿಸುತ್ತದೆ. ಕೊನೆಯ ಎರಡು ಅಂಕೆ 47 ಆದರೆ ತೋಳು ಮೊದಲು ನಾಲ್ಕು ಮೆಟ್ಟಿಲು ಮೇಲೇರಿ, ಅನಂತರ ಏಳು ಹೆಜ್ಜೆ ಪಕ್ಕಕ್ಕೆ ಸರಿಯುತ್ತದೆ. ಹತ್ತು ಸಾಲು, ಸಾಲಿಗೆ ಹತ್ತು ಮನೆ. ಹೀಗೆ ನೂರು ದೂರವಾಣಿಗಳಲ್ಲಿ ಒಂದು ಸಿಕ್ಕಿತು! ಆ ದೂರವಾಣಿಯಲ್ಲಿ ಆಗಲೇ ಮಾತುಕತೆ ನಡೆದಿದ್ದರೆ ಎಂಗೇಜ್ ಟೋನ್ ಕೇಳಿಸುತ್ತದೆ. ಯಂತ್ರಕ್ಕೆ ನೆಂಟನೂ ಇಲ್ಲ, ಹಗೆಯೂ ಇಲ್ಲ.

ಸ್ಟ್ರೌಜರ್ ತಮ್ಮ ಪೇಟೆಂಟುಗಳನ್ನು 1896ರಲ್ಲಿ ಕೇವಲ 1,800 ಡಾಲರಿಗೂ, ಕಂಪನಿಯ ಪಾಲನ್ನು 1898ರಲ್ಲಿ 10,000 ಡಾಲರಿಗೂ ಮಾರಿದರು. ಅದೇ ಪೇಟೆಂಟುಗಳು 1916ರಲ್ಲಿ ಇಪ್ಪತ್ತೈದು ಲಕ್ಷ ಡಾಲರಿಗೆ ಮಾರಾಟವಾದುವೆಂದು ಹೇಳುತ್ತಾರೆ. ಅದನ್ನು ನೋಡಲು ಅವರು ಬದುಕಿರಲಿಲ್ಲ. 1902ರ ಮೇ 26ರಂದು ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ತೀರಿಕೊಂಡರು.

ಅವರ ಯಂತ್ರ ಕನ್ನಡ ನಾಡಿಗೂ ಬಂದಿತು. 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯು ಸ್ಟ್ರೌಜರ್ ಎಕ್ಸ್‌ಚೇಂಜ್‌ಗಳನ್ನು ತಯಾರಿಸಿ ದೇಶಕ್ಕೆ ಒದಗಿಸಿತು. ಆ ಬಡಾವಣೆಗೆ ದೂರವಾಣಿನಗರವೆಂದೇ ಹೆಸರು. ಅನಂತರ ತೋಳು, ಮೆಟ್ಟಿಲುಗಳಿಲ್ಲದ ಡಿಜಿಟಲ್ ಎಕ್ಸ್‌ಚೇಂಜ್ ಬಂದಿತು. ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ಕಿತ್ತೂರಿನಲ್ಲಿ ಪ್ರಾರಂಭವಾಯಿತು. ಇಂದು ಕಚೇರಿಗಳಲ್ಲಿ, ಕರೆದವರ ಮಾತನ್ನು ಯಾರೂ ಇಲ್ಲದಾಗ ಹಿಡಿದಿಟ್ಟು ಮತ್ತೆ ಕೇಳಿಸುವ ವಾಯ್ಸ್ ಮೇಲ್ ಕೂಡ ಇದೆ.

ವಿದ್ಯಾರ್ಥಿ ಮಿತ್ರರೇ, ಸ್ಟ್ರೌಜರ್ ಇಂಜಿನಿಯರ್ ಆಗಿರಲಿಲ್ಲ. ತಮಗಾದ ನಷ್ಟವನ್ನು ನೆನೆದು ಕೊರಗುವ ಬದಲು, ಅಂತಹ ನಷ್ಟ ಇನ್ನಾರಿಗೂ ಆಗದಂತಹ ದಾರಿಯನ್ನು ಹುಡುಕಿದರು. ನಮಗೆ ಅನ್ಯಾಯವಾದಾಗ ನಾವೂ ಈ ದಾರಿಯನ್ನೊಮ್ಮೆ ನೆನೆಯೋಣ.