ಗಂಟು ಹೊತ್ತು ಊರೂರು ತಿರುಗಿದ ಗಳಗನಾಥರು: ಬರೆದದ್ದಷ್ಟೇ ಅಲ್ಲ, ಮಾರಿದ್ದೂ ಕನ್ನಡದ ಕೆಲಸವೇ

ನಮ್ಮ ಕಲ್ಲೋಳಿಯಲ್ಲಿ ರಟ್ಟರ ಕಾಲದ ಒಂದು ಶಾಸನವಿದೆ. ಕಾಲ ಸುಮಾರು 1204. ಅಂದ್ರೆ ಗೋಕಾಕ ಸೀಮೆಯ ಈ ಊರಲ್ಲಿ ಎಂಟುನೂರು ವರ್ಷಗಳ ಹಿಂದೆಯೇ ಕನ್ನಡವನ್ನು ಕಲ್ಲಿನ ಮೇಲೆ ಕೊರೆಯೋರಿದ್ದರು, ಅದನ್ನು ಓದೋರೂ ಇದ್ದರು. ಆದರೆ ನಾನು ಶಾಲೆಗೆ ಹೋಗುತ್ತಿದ್ದಾಗ ಪಠ್ಯಪುಸ್ತಕ ಬಿಟ್ಟು ಇನ್ನೊಂದು ಕನ್ನಡ ಪುಸ್ತಕ ಬೇಕಂದ್ರೆ ಗೋಕಾಕದ ಬಸ್ಸು ಹತ್ತಬೇಕಿತ್ತು. ಅಲ್ಲಿ ಸಿಗಲಿಲ್ಲ ಅಂದ್ರೆ ಬೆಳಗಾವಿ, ಇಲ್ಲವೇ ಧಾರವಾಡ. ಕಬ್ಬಿಗೆ ಗೊಬ್ಬರ ಬೇಕು, ಪಂಪ್‌ಸೆಟ್‌ಗೆ ವಾಷರ್ ಬೇಕು ಅಂದ್ರೆ ಎಲ್ಲೂ ಹೋಗಬೇಕಾಗಿರಲಿಲ್ಲ. ಓದೋಕೆ ಕಥೆ ಬೇಕು ಅಂದ್ರೆ ಮಾತ್ರ ಊರು ದಾಟಬೇಕಿತ್ತು.

ಮುಂದೆ ಎಂಜಿನಿಯರಿಂಗ್ ಓದುವಾಗ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳು ಪರಿಚಯವಾದವು. ಅಲ್ಲಿ ಹಿಂದಿನ ಸೆಮಿಸ್ಟರಿನವರು ಮಾರಿದ ಪುಸ್ತಕವನ್ನು ಅರ್ಧ ಬೆಲೆಗೆ ಕೊಂಡು, ಪರೀಕ್ಷೆ ಮುಗಿದ ಮೇಲೆ ಕಾಲು ಬೆಲೆಗೆ ಅಲ್ಲೇ ಮಾರಿ ಬರೋದು ರೂಢಿ. ಒಂದು ಸಲ ಮೆಕ್ಯಾನಿಕ್ಸ್ ಪುಸ್ತಕ ಹುಡುಕುತ್ತಾ ರಾಶಿ ಕೆದಕಿದಾಗ ರಟ್ಟು ಕಿತ್ತುಹೋದ ಗಳಗನಾಥರ ಕಾದಂಬರಿಯೊಂದು ಕೈಗೆ ಬಂತು. ಅಂಗಡಿಯಾತ ಅದಕ್ಕೆ ಬೆಲೆಯನ್ನೇ ಹೇಳಲಿಲ್ಲ. ಮೆಕ್ಯಾನಿಕ್ಸ್ ಜೊತೆಗೆ ಸುಮ್ಮನೆ ಕೊಟ್ಟ. ಆ ಪುಸ್ತಕ ಬರೆದವರು ಅದನ್ನು ಮಾರಲು ಎಷ್ಟು ನಡೆದಿದ್ದರು ಅನ್ನೋದು ಆಮೇಲೆ ಗೊತ್ತಾಯ್ತು.

ಗಳಗನಾಥರ ನಿಜ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಹುಟ್ಟಿದ್ದು 1869ರ ಜನವರಿ 5ರಂದು, ಹಾವೇರಿ ಹತ್ತಿರ ವರದಾ ನದಿ ತುಂಗಭದ್ರೆಯನ್ನು ಸೇರುವ ಗಳಗನಾಥ ಗ್ರಾಮದಲ್ಲಿ. ಊರಿನ ಹೆಸರೇ ಅವರ ಕಾವ್ಯನಾಮವಾಯ್ತು. ಕೊನೆಗೆ ಜನರಿಗೆ ವೆಂಕಟೇಶ ಕುಲಕರ್ಣಿ ಅನ್ನೋ ಹೆಸರೇ ಮರೆತುಹೋಯ್ತು. ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಕಲಿತು ಕನ್ನಡ ಶಾಲೆಯ ಮಾಸ್ತರರಾದರು. ಸರಕಾರಿ ಸಂಬಳ, ಊರಲ್ಲಿ ಮರ್ಯಾದೆ, ತಿಂಗಳ ಕೊನೆಗೆ ನಿಶ್ಚಿತ ದುಡ್ಡು. ಆ ಕಾಲಕ್ಕೆ ಅದು ಸಣ್ಣ ಭಾಗ್ಯ ಏನಲ್ಲ.

ಆಗ ಕನ್ನಡದ ಪರಿಸ್ಥಿತಿ ಹೇಗಿತ್ತು? ಇವತ್ತಿನ ಬೆಳಗಾವಿ, ಧಾರವಾಡ, ಹಾವೇರಿ, ವಿಜಯಪುರ ಎಲ್ಲವೂ ಮುಂಬೈ ಪ್ರಾಂತ್ಯದಲ್ಲಿದ್ದವು. ಕಚೇರಿಯಲ್ಲಿ, ಕಲಿತವರ ಮನೆಯಲ್ಲಿ, ನಾಟಕದಲ್ಲಿ, ಪತ್ರಿಕೆಯಲ್ಲಿ ಮರಾಠಿಯದ್ದೇ ಮೇಲುಗೈ. ಕನ್ನಡ ಪುಸ್ತಕಕ್ಕೆ ಒತ್ತಾಸೆ ಕೊಡಬೇಕು ಅಂತಲೇ 1890ರಲ್ಲಿ ಧಾರವಾಡದಲ್ಲಿ ರಾ.ಹ. ದೇಶಪಾಂಡೆ ಮತ್ತು ಗೆಳೆಯರು ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದ್ದರು. ಒಳ್ಳೆಯ ಪುಸ್ತಕ ಬರೆದವರಿಗೆ ಸಂಘ ಬಹುಮಾನ ಕೊಡುತ್ತಿತ್ತು. ಗಳಗನಾಥರ ಮೊದಲ ಕಾದಂಬರಿ 'ಪ್ರಬುದ್ಧ ಪದ್ಮನಯನೆ' ಹೊರಬಂದದ್ದು ಈ ವಾತಾವರಣದಲ್ಲಿ.

ಬಹುಮಾನದಿಂದ ಲೇಖಕ ಹುಟ್ಟಬಹುದು, ಓದುಗ ಹುಟ್ಟೋದಿಲ್ಲ. 1901ರ ಜನಗಣತಿಯ ಪ್ರಕಾರ ಇಡೀ ಭಾರತದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಐದಾರು ಮಂದಿ. ಹೆಂಗಸರಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ಆ ಐದಾರು ಮಂದಿಯಲ್ಲಿ ಕನ್ನಡ ಕಥೆ ಓದಬೇಕು ಅನ್ನೋರು ಎಷ್ಟು? ಓದಬೇಕು ಅಂದ್ರೂ ದುಡ್ಡು ಕೊಡೋರು ಎಷ್ಟು? ಪುಸ್ತಕದಂಗಡಿ ಇದ್ದದ್ದು ಧಾರವಾಡ, ಹುಬ್ಬಳ್ಳಿಯಂಥ ಪೇಟೆಗಳಲ್ಲಿ. ಓದಬಲ್ಲವರು ಹಳ್ಳಿಹಳ್ಳಿಗಳಲ್ಲಿ ಚದುರಿದ್ದರು: ಒಬ್ಬ ಶಾನುಭೋಗ, ಒಬ್ಬ ಮಾಸ್ತರ, ಒಬ್ಬ ಕಿರಾಣಿ ಅಂಗಡಿಯವ, ಗಂಡನಿಂದಲೋ ಅಣ್ಣನಿಂದಲೋ ಅಕ್ಷರ ಕಲಿತ ಒಬ್ಬ ಹೆಣ್ಣುಮಗಳು. ಈ ಸಮಸ್ಯೆಗೆ ಗಳಗನಾಥರು ಎರಡು ದಾರಿ ಹುಡುಕಿದರು.

ಮೊದಲನೆಯದು ಮಾಸಪತ್ರಿಕೆ. ಮಾಸ್ತರಿಕೆ ಬಿಟ್ಟು ಹಾವೇರಿ ಪಕ್ಕದ ಅಗಡಿಗೆ, ಶೇಷಾಚಲ ಸಾಧುಗಳ ಆನಂದವನಕ್ಕೆ ಬಂದರು. ಅಲ್ಲಿಂದ 1907ರಲ್ಲಿ 'ಸದ್ಬೋಧ ಚಂದ್ರಿಕೆ' ಶುರುವಾಯ್ತು. ಧರ್ಮ, ನೀತಿ, ಸಂತರ ಚರಿತ್ರೆ, ಅದರ ಜೊತೆಗೆ ಕಾದಂಬರಿ. ಓದುಗ ವರ್ಷದ ಚಂದಾ ಕಟ್ಟಿದರೆ ಸಾಕು, ಅಂಚೆಯವನೇ ಮನೆಗೆ ತಂದುಕೊಡುತ್ತಾನೆ. ಭಾರತದ ಅಂಚೆ 1877ರಲ್ಲೇ ವಿಪಿಪಿ ವ್ಯವಸ್ಥೆ ತಂದಿತ್ತು. ಪುಸ್ತಕ ಕಳಿಸಿ, ಅಂಚೆಯವನ ಕೈಯಲ್ಲಿ ದುಡ್ಡು ಕಟ್ಟಿಸಿಕೊಳ್ಳೋದು. ಇವತ್ತಿನ ಕ್ಯಾಶ್ ಆನ್ ಡೆಲಿವರಿಯ ಮುತ್ತಜ್ಜ ಅಂತಿಟ್ಟುಕೊಳ್ಳಿ. ಅಂಗಡಿಯಿಲ್ಲದ ಊರಿಗೂ ಪುಸ್ತಕ ಮುಟ್ಟಿಸುವ ದಾರಿ ಅದು. ಚಂದ್ರಿಕೆಗೆ ಸಾವಿರಾರು ಚಂದಾದಾರರಾದರು. ಆ ಕಾಲದ ಕನ್ನಡ ಪತ್ರಿಕೆಗೆ ಅದು ದೊಡ್ಡ ಮಾತು.

ಎರಡನೆಯ ದಾರಿ ಅವರ ಎರಡು ಕಾಲು. ಅಗಡಿಯ ನಂಟು ಮುಗಿದು ಸ್ವತಂತ್ರವಾಗಿ ಪತ್ರಿಕೆ, ಪುಸ್ತಕ ಹೊರಡಿಸತೊಡಗಿದ ಮೇಲೆ ಎಲ್ಲ ಭಾರವೂ ಅವರ ಮೇಲೆಯೇ ಬಿತ್ತು. ಬರೆಯೋರು ಅವರೇ, ಅಚ್ಚಿಗೆ ದುಡ್ಡು ಹೊಂದಿಸೋರು ಅವರೇ, ಕರಡು ತಿದ್ದೋರು ಅವರೇ. ಕೊನೆಗೆ ಪುಸ್ತಕದ ಗಂಟು ಕಟ್ಟಿ ತಲೆ ಮೇಲೆ, ಹೆಗಲ ಮೇಲೆ ಹೊತ್ತು ಊರೂರು ಅಲೆದು ಮಾರೋರೂ ಅವರೇ. ಉತ್ತರ ಕರ್ನಾಟಕದಲ್ಲಿ ಗಳಗನಾಥರ ಹೆಸರು ತೆಗೆದರೆ ಹಿರಿಯರಿಗೆ ಮೊದಲು ನೆನಪಾಗೋದು ಈ ಚಿತ್ರವೇ.

ಈ ಚಿತ್ರವನ್ನು ನಾವು ಭಾವುಕರಾಗಿ ನೋಡಿ ಅಲ್ಲಿಗೇ ಬಿಟ್ಟುಬಿಡ್ತೀವಿ. ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಅವರ ಕಾದಂಬರಿಗಳು ತೆಳ್ಳಗಿನವಲ್ಲ. ವಿಜಯನಗರ ಸ್ಥಾಪನೆಯ ಕಥೆ ಹೇಳುವ 'ಮಾಧವ ಕರುಣಾ ವಿಲಾಸ' ದಪ್ಪ ಪುಸ್ತಕ. ಅಂಥ ಒಂದು ಪ್ರತಿ ಅರ್ಧ ಕಿಲೋ ತೂಗಿತು ಅಂತಿಟ್ಟುಕೊಂಡರೂ ಮೂವತ್ತು ಪ್ರತಿಗೆ ಹದಿನೈದು ಕಿಲೋ. ಹಾವೇರಿಯ ಮೇಲೆ ಸದರ್ನ್ ಮರಾಠಾ ರೈಲ್ವೆ ಹಾದುಹೋಗುತ್ತಿತ್ತು. ಇತ್ತ ನಮ್ಮ ಗೋಕಾಕ ರೋಡ್ ಸ್ಟೇಷನ್ನೂ ಅದೇ ಕಂಪನಿಯದ್ದು. ಆದರೆ ರೈಲು ಸ್ಟೇಷನ್ನಿಗೆ ಬಿಡುತ್ತದೆಯೇ ಹೊರತು ಓದುಗನ ಬಾಗಿಲಿಗಲ್ಲ. ಅಲ್ಲಿಂದ ಮುಂದೆ ಸಿಕ್ಕರೆ ಚಕ್ಕಡಿ, ಇಲ್ಲದಿದ್ದರೆ ನಡಿಗೆ. ಮಳೆಗಾಲದಲ್ಲಿ ಗಂಟು ನೆನೆಯಬಾರದು. ನೆನೆದ ಪುಸ್ತಕ ಅಲ್ಲಿಗೇ ನಷ್ಟ. ಮಾರಾಟವಾಗದೆ ಉಳಿದದ್ದನ್ನು ವಾಪಸ್ ಹೊರಬೇಕು. ಸಾಲಕ್ಕೆ ಒಯ್ದವರ ಹತ್ತಿರ ದುಡ್ಡು ಕೇಳಲು ಮತ್ತೊಮ್ಮೆ ಹೋಗಬೇಕು. ಮಧ್ಯದಲ್ಲಿ ಮೊದಲ ಮಹಾಯುದ್ಧ ಬಂದು ಕಾಗದದ ಬೆಲೆ ಏರಿತು. ಪುಸ್ತಕದ ಬೆಲೆಯನ್ನು ಅದೇ ಲೆಕ್ಕದಲ್ಲಿ ಏರಿಸಿದರೆ ಹಳ್ಳಿಯ ಓದುಗ ಕೈಬಿಡುತ್ತಾನೆ.

ಹಳೇ ಪುಸ್ತಕದ ವ್ಯಾಪಾರ ಮಾಡೋರನ್ನು ಹತ್ತಿರದಿಂದ ನೋಡಿದವರಿಗೆ ಇದೆಲ್ಲ ಹೊಸದೇನಲ್ಲ. ಬೆಳಿಗ್ಗೆ ರದ್ದಿಯ ಮೂಟೆ ಬಿಚ್ಚೋದು, ಧೂಳು ಕೊಡವೋದು, ಹರಿದದ್ದಕ್ಕೆ ಅಂಟು ಹಾಕೋದು, ಮಳೆ ಬಂದರೆ ತಾಡಪಾಲು ಎಳೆಯೋದು, ಇಡೀ ದಿನ ಕೂತು ಹತ್ತು ಪುಸ್ತಕ ಮಾರೋದು. ಅದರ ಜೊತೆಗೇ ಇನ್ನೊಂದು ಕೆಲಸ ಇದೆ. ಬಂದವನ ಮುಖ ನೋಡಿ ಅವನಿಗೆ ಯಾವ ಪುಸ್ತಕ ಬೇಕಾಗಬಹುದು ಅಂತ ಅಂದಾಜು ಮಾಡೋದು. ಗಳಗನಾಥರು ಈ ಕೆಲಸವನ್ನು ಓದುಗನ ಕಟ್ಟೆಯಲ್ಲೇ ಕೂತು ಮಾಡಿದರು. ಬರೆದವನಿಗೂ ಓದುವವನಿಗೂ ನಡುವೆ ಯಾರೂ ಇರಲಿಲ್ಲ. ಯಾವ ಕಥೆ ಹೆಂಗಸರ ಕೈಗೆ ಹೋಗುತ್ತದೆ, ಯಾವುದನ್ನು ಒಬ್ಬ ಓದಿ ಹತ್ತು ಜನ ಕೇಳುತ್ತಾರೆ ಅನ್ನೋದನ್ನು ತಿಳಿಯೋಕೆ ಇದಕ್ಕಿಂತ ಒಳ್ಳೆಯ ಜಾಗ ಯಾವುದಿದೆ? ಅವರು ಎರಡು ಡಜನ್‌ನಷ್ಟು ಕಾದಂಬರಿ ಬರೆದರು. ಅವುಗಳಲ್ಲಿ ಹಲವು ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳ ರೂಪಾಂತರ. ಮರಾಠಿಯ ಯಜಮಾನಿಕೆಯ ನಡುವೆ ಬೆಳೆದ ಮನುಷ್ಯ ಮರಾಠಿಯನ್ನು ದ್ವೇಷಿಸಲಿಲ್ಲ. ಅದರಲ್ಲಿದ್ದ ಒಳ್ಳೆಯದನ್ನು ಹೊತ್ತು ತಂದು ಕನ್ನಡದಲ್ಲಿ ಇಳಿಸಿದರು. ಗಡಿ ಗದ್ದಲ ಕೇಳುತ್ತಲೇ ಬೆಳೆದ ನಮ್ಮ ಬೆಳಗಾವಿ ಜಿಲ್ಲೆಯವರು ಇದನ್ನು ನೆನಪಿಡಬೇಕು.

ಹಾಗಂತ ಅವರನ್ನು ಪೂಜೆ ಮಾಡಬೇಕಿಲ್ಲ. ಅವರ ಕನ್ನಡದಲ್ಲಿ ಸಂಸ್ಕೃತದ ಭಾರ ಹೆಚ್ಚು. ಆದರ್ಶ ಹೆಣ್ಣು ಅಂದ್ರೆ ಸಹಿಸಿಕೊಂಡು ಗಂಡನನ್ನು ತಿದ್ದುವವಳು ಅನ್ನುವ ಚೌಕಟ್ಟು ಅವರದ್ದು. ಧರ್ಮ, ವರ್ಣದ ವಿಚಾರದಲ್ಲಿ ಸನಾತನಿ. ಇವತ್ತು ಓದುವಾಗ ಹಲವು ಪುಟಗಳಲ್ಲಿ ಜಗಳ ಮಾಡಬೇಕೆನಿಸುತ್ತದೆ, ಮಾಡಲೂಬೇಕು. ಅದರ ಜೊತೆಗೆ ಇನ್ನೊಂದನ್ನೂ ಗಮನಿಸಿ. ವಿಜಯನಗರದ ಪತನವನ್ನು ಹೇಳುವ 'ಕನ್ನಡಿಗರ ಕರ್ಮಕಥೆ' ಹಿಂದೂ-ಮುಸ್ಲಿಂ ಕಾಳಗ ಅನ್ನುವ ಒಂದೇ ಸಾಲಿನ ಕಥೆಯಲ್ಲ. ರಾಮರಾಜ ಪ್ರೀತಿಸಿ ಕೈಬಿಟ್ಟ ಮೆಹರ್ಜಾನಳ ನೋವು ಆ ಕಾದಂಬರಿಯ ನಡುವೆ ಇದೆ. ವಿಜಯನಗರದ ಹೆಸರಲ್ಲಿ ವಾಟ್ಸಾಪ್ ಫಾರ್ವರ್ಡ್ ಹರಿಬಿಡೋರು ನೂರು ವರ್ಷ ಹಿಂದಿನ ಈ ಸಂಪ್ರದಾಯಸ್ಥನನ್ನಾದರೂ ಓದಿದ್ದರೆ ಇತಿಹಾಸ ಇಷ್ಟು ಸಪಾಟು ಅಲ್ಲ ಅನ್ನೋದು ಗೊತ್ತಾಗುತ್ತಿತ್ತು.

ಗಳಗನಾಥರು ಶ್ರೀಮಂತರಾಗಲಿಲ್ಲ. ಪುಸ್ತಕದಿಂದ ಬಂದದ್ದು ಮುಂದಿನ ಪುಸ್ತಕದ ಅಚ್ಚಿಗೆ ಹೋಗುತ್ತಿತ್ತು. 1942ರ ಏಪ್ರಿಲ್ 22ರಂದು, ಕ್ವಿಟ್ ಇಂಡಿಯಾ ಕರೆಗೆ ಮೂರೂವರೆ ತಿಂಗಳ ಮೊದಲು ತೀರಿಕೊಂಡರು. ಕರ್ನಾಟಕ ಒಂದಾಗಲು ಇನ್ನೂ ಹದಿನಾಲ್ಕು ವರ್ಷ ಬಾಕಿ ಇತ್ತು. ಆದರೆ ಒಂದಾಗಬೇಕು ಅಂತ ಬಯಸುವ ಓದುಗರು ಆಗಲೇ ತಯಾರಾಗಿದ್ದರು. ಆ ತಯಾರಿಯಲ್ಲಿ ಆಲೂರ ವೆಂಕಟರಾಯರ ಭಾಷಣಗಳಿಗೆ ಎಷ್ಟು ಪಾಲಿದೆಯೋ ಗಳಗನಾಥರ ಗಂಟಿಗೂ ಅಷ್ಟೇ ಇದೆ ಅಂತ ನಾನು ನಂಬ್ತೀನಿ. ಅವರು ಒಬ್ಬರೇ ಅಲ್ಲ. ಫ.ಗು. ಹಳಕಟ್ಟಿಯವರು ವಚನಗಳನ್ನು ಅಚ್ಚು ಹಾಕಲು ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ನಡೆಸಿದರು. 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಶುರುವಾದಾಗ ಜಿ.ಬಿ. ಜೋಶಿಯವರು ಮತ್ತೆ ಚಂದಾದಾರರನ್ನೇ ನಂಬಿದರು. ಆ ಪ್ರಯತ್ನದಲ್ಲಿ ಜೊತೆಗಿದ್ದ ಬೆಟಗೇರಿ ಕೃಷ್ಣಶರ್ಮರು ನಮ್ಮ ಗೋಕಾಕ ತಾಲ್ಲೂಕಿನವರೇ.

ಈಗಿನ ಮಾತಿಗೆ ಬರೋಣ. ಅಕ್ಷರ ಬಲ್ಲವರು ಐದಾರಲ್ಲ, ನೂರಕ್ಕೆ ಎಪ್ಪತ್ತು ದಾಟಿದ್ದಾರೆ. ರಸ್ತೆ ಇದೆ, ಬಸ್ಸಿದೆ, ಮೊಬೈಲಿದೆ. ಆದರೂ ಬಹಳಷ್ಟು ಕನ್ನಡ ಪ್ರಕಾಶಕರು ಪುಸ್ತಕ ಅಚ್ಚು ಹಾಕುವಾಗ ಕಣ್ಣಿಡೋದು ಓದುಗನ ಮೇಲಲ್ಲ, ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಮೇಲೆ. ಆ ಖರೀದಿ ವರ್ಷಗಟ್ಟಲೆ ತಡವಾಗುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಅಡಿ ನಾವು ಆಸ್ತಿ ತೆರಿಗೆಯ ಜೊತೆಗೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವೆ. ಕಟ್ಟಿದ ಕರವನ್ನು ಸ್ಥಳೀಯ ಸಂಸ್ಥೆಗಳು ಇಲಾಖೆಗೆ ಪೂರ್ತಿ ದಾಟಿಸೋದಿಲ್ಲ ಅನ್ನೋ ಸುದ್ದಿ ಪದೇಪದೇ ಬರುತ್ತದೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಇಲಾಖೆಗೆ ವಹಿಸಿದರು, ಅವು ಅರಿವು ಕೇಂದ್ರಗಳಾದವು. ಐದು ಸಾವಿರಕ್ಕೂ ಹೆಚ್ಚು ಕಟ್ಟಡಗಳಿವೆ. ಗಳಗನಾಥರಿಗೆ ಇಂಥ ಒಂದು ಜಾಲ ಕನಸಲ್ಲೂ ಸಿಕ್ಕಿರಲಿಲ್ಲ. ಅಲ್ಲಿಗೆ ಹೊಸ ಪುಸ್ತಕ ಯಾವಾಗ ಬರುತ್ತದೆ, ಯಾರು ಆರಿಸುತ್ತಾರೆ, ಕರದ ದುಡ್ಡು ಎಲ್ಲಿ ನಿಂತಿದೆ ಅಂತ ಕೇಳೋರು ಮಾತ್ರ ಕಡಿಮೆ.

ಲೇಖಕ ತೀರಿಕೊಂಡು ಅರವತ್ತು ವರ್ಷವಾದರೆ ನಮ್ಮ ಕಾನೂನಿನಲ್ಲಿ ಕೃತಿಸ್ವಾಮ್ಯ ಮುಗಿಯುತ್ತದೆ. 2003ರಿಂದ ಗಳಗನಾಥರ ಪುಸ್ತಕಗಳು ಎಲ್ಲರ ಸ್ವತ್ತು. ಯಾರು ಬೇಕಾದರೂ ಅಚ್ಚು ಹಾಕಬಹುದು, ಮಾರಬಹುದು. 'ಕನ್ನಡಿಗರ ಕರ್ಮಕಥೆ'ಯನ್ನು ಸ್ವಯಂಸೇವಕರು ವಿಕಿಸೋರ್ಸ್‌ನಲ್ಲಿ ಟೈಪ್ ಮಾಡಿ ಇಟ್ಟಿದ್ದಾರೆ. ಫೋನಿನಲ್ಲಿ ಪುಕ್ಕಟೆ ಓದಬಹುದು. ಹದಿನೈದು ಕಿಲೋದ ಗಂಟಿಗೆ ಈಗ ತೂಕವೇ ಇಲ್ಲ.

ನವೆಂಬರ್ ಬಂದರೆ ನಮ್ಮ ಬೈಕಿನ ಮೇಲೆ ಬಾವುಟ ಏರುತ್ತದೆ. ಏರಲಿ, ತಪ್ಪಿಲ್ಲ. ಅದರ ಜೊತೆಗೆ ನಿಮ್ಮೂರಿನ ಅರಿವು ಕೇಂದ್ರಕ್ಕೂ ಒಮ್ಮೆ ಹೋಗಿ ಕಪಾಟು ತೆರೆಸಿ ನೋಡಿ. ಗ್ರಂಥಾಲಯ ಕರದ ಲೆಕ್ಕ ಕೇಳಿ ಪಂಚಾಯಿತಿಗೆ ಅರ್ಜಿ ಕೊಡಿ. ಮನೆಯಲ್ಲಿ ಓದಿ ಮುಗಿಸಿದ ಹತ್ತು ಪುಸ್ತಕವನ್ನು ಚೀಲಕ್ಕೆ ಹಾಕಿ, ಪುಸ್ತಕದಂಗಡಿ ಇಲ್ಲದ ಊರಿನ ಗೆಳೆಯನಿಗೆ ಕೊಟ್ಟು ಬನ್ನಿ. ಮುಂದಿನ ಸಲ ಊರಿಗೆ ಹೋದಾಗ ನಾನೂ ಕಲ್ಲೋಳಿಗೆ ಒಂದು ಚೀಲ ಒಯ್ಯುತ್ತಿದ್ದೇನೆ. ರಟ್ಟು ಹೊಸದಾಗಿ ಕಟ್ಟಿಸಿದ ಆ ಹಳೇ ಗಳಗನಾಥರೂ ಅದರಲ್ಲಿದ್ದಾರೆ.