ಕಟವಪ್ರದ ಮೌನದಲ್ಲಿ ಮೌರ್ಯ ಚಕ್ರವರ್ತಿ

ಮಗಧದ ಸಿಂಹಾಸನವನ್ನೇರಿ ವಿಶಾಲ ಸಾಮ್ರಾಜ್ಯ ಕಟ್ಟಿದವನು ಚಂದ್ರಗುಪ್ತ ಮೌರ್ಯ. ಶ್ರುತಕೇವಲಿ ಭದ್ರಬಾಹುಗಳು 12 ವರ್ಷಗಳ ಘೋರ ಕ್ಷಾಮವನ್ನು ಮುಂಗಂಡಾಗ, ಆತ ರಾಜ್ಯವನ್ನು ಮಗನಿಗೊಪ್ಪಿಸಿ, ಜಿನದೀಕ್ಷೆ ತಳೆದು, ಗುರುಗಳೊಡನೆ ದಕ್ಷಿಣಕ್ಕೆ ನಡೆದುಬಂದನೆಂದು ಜೈನ ಪರಂಪರೆ ಹೇಳುತ್ತದೆ.

ಶ್ರವಣಬೆಳಗೊಳದ ಕಟವಪ್ರಗಿರಿಯಲ್ಲಿ ತಮ್ಮ ಅಂತ್ಯಕಾಲವನ್ನರಿತ ಭದ್ರಬಾಹುಗಳು ಸಂಘವನ್ನು ಮುಂದಕ್ಕೆ ಕಳುಹಿದರು. ಚಂದ್ರಗುಪ್ತ ಮುನಿಗಳು ಮಾತ್ರ ಗುರುಸೇವೆಗೆ ಉಳಿದರು. ಗುರುಗಳು ಸಲ್ಲೇಖನದಿಂದ ದೇಹವಿಟ್ಟ ಮೇಲೂ ಅವರು ಬೆಟ್ಟವನ್ನಗಲಲಿಲ್ಲ. ಚತುರಂಗ ಸೇನೆಯನ್ನಾಳಿದ ಕೈಯಲ್ಲಿ ಈಗ ಪಿಂಛಿ, ಕಮಂಡಲು. ಬಂಡೆಯೇ ಹಾಸಿಗೆ, ಗುಹೆಯೇ ಅರಮನೆ. ಗುರುಪಾದಗಳನ್ನು ಆರಾಧಿಸುತ್ತ ವರ್ಷಗಳನ್ನು ಕಳೆದು, ಕೊನೆಗೆ ತಾವೂ ಸಲ್ಲೇಖನ ವ್ರತದಿಂದ ಶಾಂತರಾದರು. ಆ ಚಿಕ್ಕಬೆಟ್ಟ ಅವರ ಹೆಸರಿನಿಂದಲೇ ಚಂದ್ರಗಿರಿಯಾಯಿತು.

ಗೃಹಸ್ಥರಾದ ನಮಗೆ ಜಿನಧರ್ಮ ವಿಧಿಸಿರುವುದು ಪರಿಗ್ರಹ ಪರಿಮಾಣವೆಂಬ ಅಣುವ್ರತ. ಬೇಕುಗಳಿಗೆ ನಾವೇ ಎಲ್ಲೆ ಹಾಕಿಕೊಂಡ ದಿನ, ಆ ಗಿರಿಯ ಮೊದಲ ಮೆಟ್ಟಿಲನ್ನು ಏರಿದಂತೆ.