ಪರವೂರಿನಲ್ಲಿ ಲಿಂಕನರ ಕುಟುಂಬವು ಸೇರಿದ ಸಭೆ

ಅಮೇರಿಕ ಸಂಯುಕ್ತ ಸಂಸ್ಥಾನಗಳ 16ನೆಯ ಅಧ್ಯಕ್ಷರಾಗಿ, ದಾಸತ್ವದಲ್ಲಿದ್ದವರ ಬಿಡುಗಡೆಗೆ 1863ರಲ್ಲಿ ಆಜ್ಞೆ ಹೊರಡಿಸಿದ ಅಬ್ರಹಾಮ್ ಲಿಂಕನ್ ಎಂಬವರ ಹೆಸರನ್ನು ಕೇಳದವರು ವಿರಳ. ಅವರ ರಾಜ್ಯಕಾರ್ಯಗಳನ್ನು ಅನೇಕರು ಬರೆದಿದ್ದಾರೆ. ಆದರೆ ಅವರೂ ಅವರ ಹೆಂಡತಿ ಮಕ್ಕಳೂ ಸ್ವಂತ ಊರನ್ನು ಬಿಟ್ಟು ಪರಸ್ಥಳಕ್ಕೆ ಹೋದಾಗ ದೇವಾರಾಧನೆಗಾಗಿ ಯಾವ ಸಭೆಯನ್ನು ಹುಡುಕಿಕೊಂಡರು, ಅಲ್ಲಿ ಅವರಿಗೆ ಏನು ದೊರಕಿತು ಎಂಬದು ನಮ್ಮ ವಾಚಕರು ತಿಳಿಯತಕ್ಕ ಸಂಗತಿಯಾಗಿದೆ.

ಲಿಂಕನರು 1809ನೆಯ ಇಸವಿ ಫೆಬ್ರವರಿ 12ರಲ್ಲಿ ಕೆಂಟಕಿ ಸಂಸ್ಥಾನದ ಒಂದು ಮರದ ಗುಡಿಸಲಲ್ಲಿ ಹುಟ್ಟಿದರು. ತಂದೆತಾಯಿಗಳು ಬಡ ಒಕ್ಕಲಿಗರು. ದಾಸತ್ವವನ್ನು ಒಪ್ಪದ ಒಂದು ಬ್ಯಾಪ್ಟಿಸ್ಟ್ ಸಭೆಗೆ ಸೇರಿದವರು. ಮಗನಾದರೋ ಸತ್ಯವೇದವನ್ನು ಚೆನ್ನಾಗಿ ಓದಿಕೊಂಡನೇ ಹೊರತು ಯಾವ ಸಭೆಗೂ ಸದಸ್ಯನಾಗಲಿಲ್ಲ. ಮುಂದೆ ಇಲಿನಾಯ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ ವಕೀಲರಾಗಿ, 1842ರಲ್ಲಿ ಮೇರಿ ಟಾಡ್ ಎಂಬವರನ್ನು ಮದುವೆಯಾದರು. ಮೇರಿಯಮ್ಮನವರು ಆಗ ಎಪಿಸ್ಕೋಪಲ್ ಸಭೆಯ ಆರಾಧನೆಗೆ ಹೋಗುತ್ತಿದ್ದರು. 1850ನೆಯ ಫೆಬ್ರವರಿ 1ರಂದು ಅವರ ಎರಡನೆಯ ಮಗ ಎಡ್ಡಿಯು ನಾಲ್ಕು ವರ್ಷ ತುಂಬುವ ಮೊದಲೇ ತೀರಿಕೊಂಡನು. ಆ ಸಭೆಯ ಬೋಧಕರು ಅಂದು ಊರಲ್ಲಿರಲಿಲ್ಲ. ಆದ್ದರಿಂದ ಪ್ರೆಸ್ಬಿಟೇರಿಯನ್ ಸಭೆಯ ಜೇಮ್ಸ್ ಸ್ಮಿತ್ ಎಂಬ ಬೋಧಕರನ್ನು ಕರೆಸಲು, ಅವರು ಬಂದು ಶವಸಂಸ್ಕಾರವನ್ನು ನಡಿಸಿ, ದುಃಖದಲ್ಲಿದ್ದವರನ್ನು ಸಂತೈಸಿದರು. 1852ರಲ್ಲಿ ಮೇರಿಯಮ್ಮನವರು ಆ ಸಭೆಗೇ ಸೇರಿದರು. ಲಿಂಕನರು ಅಲ್ಲಿಗೆ ಹೋಗುತ್ತಿದ್ದರು, ಆದರೆ ಸೇರಲಿಲ್ಲ.

1861ನೆಯ ಫೆಬ್ರವರಿ 11ರಂದು ಲಿಂಕನರು ಅಧ್ಯಕ್ಷಸ್ಥಾನವನ್ನು ವಹಿಸುವದಕ್ಕೋಸ್ಕರ ಸ್ಪ್ರಿಂಗ್‌ಫೀಲ್ಡಿನಿಂದ ಹೊರಟರು. ಹೆಂಡತಿಯೂ ಚಿಕ್ಕ ಮಕ್ಕಳಾದ ವಿಲ್ಲಿ, ಟಾಡ್ ಎಂಬವರೂ ಮಾರ್ಗದಲ್ಲಿ ಅವರನ್ನು ಕೂಡಿಕೊಂಡರು. ಅಧ್ಯಕ್ಷನ ಅವಧಿ ನಾಲ್ಕು ವರ್ಷ ಮಾತ್ರ. ಆದಕಾರಣ ಸ್ವಂತ ಮನೆಯನ್ನು ಮಾರದೆ ಬಾಡಿಗೆಗೆ ಕೊಟ್ಟಿದ್ದರು. ಸ್ವಲ್ಪ ಕಾಲಕ್ಕೆ ಪರವೂರಿಗೆ ಹೋಗುವವರಲ್ಲಿ ಅನೇಕರು, ಹಿಂದಿರುಗಿದ ಮೇಲೆ ನಮ್ಮ ಸಭೆ ಇದ್ದೇ ಇದೆಯಷ್ಟೇ ಎಂದು ಆ ದಿವಸಗಳನ್ನು ಆರಾಧನೆ ಇಲ್ಲದೆ ಕಳೆಯುವದುಂಟು. ಈ ಕುಟುಂಬವು ಹಾಗೆ ಮಾಡಲಿಲ್ಲ.

ವಾಷಿಂಗ್ಟನಿಗೆ ಮುಟ್ಟಿದ ಮರುದಿನವೇ ಆದಿತ್ಯವಾರವಾಗಿತ್ತು. ಅಂದು ಲಿಂಕನರು ಸೀವರ್ಡ್ ಎಂಬ ರಾಜಕಾರಣಿಯ ಸಂಗಡ ಸೇಂಟ್ ಜಾನ್ಸ್ ಎಂಬ ಎಪಿಸ್ಕೋಪಲ್ ದೇವಾಲಯಕ್ಕೆ ಹೋದರು. ಅದು ಅಧ್ಯಕ್ಷರ ನಿವಾಸವಾದ ಶ್ವೇತಭವನಕ್ಕೆ ಸಮೀಪವಾಗಿದ್ದು, ಹಿಂದಿನ ಅಧ್ಯಕ್ಷರಲ್ಲಿ ಅನೇಕರು ಹೋಗುತ್ತಿದ್ದ ಸ್ಥಳ. ಅದನ್ನೇ ಹಿಡಿದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಕುಟುಂಬದವರು ಸ್ವಲ್ಪ ದೂರದ ನ್ಯೂಯಾರ್ಕ್ ಅವೆನ್ಯೂ ಬೀದಿಯ ಪ್ರೆಸ್ಬಿಟೇರಿಯನ್ ದೇವಾಲಯವನ್ನು ಆರಿಸಿಕೊಂಡರು. ಎಡ್ಡಿ ಸತ್ತಾಗ ಅವರನ್ನು ಸಂತೈಸಿದ್ದೂ ಅದೇ ಪಂಗಡದ ಸಭೆಯಲ್ಲವೇ? ಅಲ್ಲಿನ ಬೋಧಕರಾದ ಫಿನಿಯಸ್ ಗರ್ಲಿಯವರು ರಾಜಕೀಯವನ್ನು ಪ್ರಸಂಗಪೀಠಕ್ಕೆ ತಾರದವರೆಂದು ಹೆಸರಾಗಿದ್ದರು. ವಾರವೆಲ್ಲಾ ರಾಜಕೀಯದಲ್ಲೇ ಮುಳುಗಿರುವವನಿಗೆ ಇದು ಎಷ್ಟು ಹಿತವೆಂದು ಊಹಿಸಬಹುದು. ಆ ದೇಶದಲ್ಲಿ ಆಗ ಕುಟುಂಬಗಳು ದೇವಾಲಯದ ಬೆಂಚುಗಳನ್ನು ವರ್ಷದ ಬಾಡಿಗೆಗೆ ಹಿಡಿಯುವ ಪದ್ಧತಿ ಇತ್ತು; ಲಿಂಕನರು ವರ್ಷಕ್ಕೆ 50 ಡಾಲರಿನಂತೆ ಒಂದು ಬೆಂಚನ್ನು ಹಿಡಿದರು. ವಾರದ ಮಧ್ಯದ ಪ್ರಾರ್ಥನಾಕೂಟಕ್ಕೆ ಅವರು ಬಂದಾಗ ಜನರ ಗಮನ ಚದರಬಾರದೆಂದು ಪಕ್ಕದ ಕೋಣೆಯಲ್ಲಿ, ಬಾಗಿಲನ್ನು ಸ್ವಲ್ಪ ತೆರೆದಿಟ್ಟು ಕೂತು ಕೇಳುತ್ತಿದ್ದರೆಂದು ಆ ಸಭೆಯವರು ಹೇಳಿಕೊಂಡು ಬಂದಿದ್ದಾರೆ.

ಏಪ್ರಿಲಿನಲ್ಲಿ ಅಂತಃಕಲಹವು ಪ್ರಾರಂಭವಾಯಿತು. ಮುಂದಿನ ವರ್ಷದ ಆರಂಭದಲ್ಲಿ ವಿಲ್ಲಿಯೂ ಟಾಡನೂ ವಿಷಮಶೀತಜ್ವರದಿಂದ ಮಲಗಿದರು. ಟಾಡನು ಉಳಿದನು, 11 ವರ್ಷದ ವಿಲ್ಲಿಯು 1862ನೆಯ ಫೆಬ್ರವರಿ 20ರಂದು ಸತ್ತನು. ಶ್ವೇತಭವನದ ಪೂರ್ವದ ದೊಡ್ಡ ಕೋಣೆಯಲ್ಲಿ ಗರ್ಲಿಯವರು ಶವಸಂಸ್ಕಾರದ ಪ್ರಸಂಗ ಮಾಡಿದರು. ಅಂದು ಹೊರಗೆ ಬಿರುಗಾಳಿ ಬೀಸುತ್ತಿತ್ತು. ತಾಯಿಯು ಹಾಸಿಗೆಯಿಂದ ಏಳಲಾರದೆ ಹೋದರು. ವಾಷಿಂಗ್ಟನು ಅವರ ಊರಲ್ಲವಾದ್ದರಿಂದ ಮಗುವಿಗೆ ಅಲ್ಲಿ ಸ್ವಂತ ಸಮಾಧಿಸ್ಥಳವೂ ಇರಲಿಲ್ಲ. ಊರಿಗೆ ಹಿಂದಿರುಗುವ ತನಕ ಪೆಟ್ಟಿಗೆಯನ್ನು ಜಾರ್ಜ್‌ಟೌನಿನಲ್ಲಿ ಕ್ಯಾರೋಲ್ ಎಂಬ ಅಧಿಕಾರಿಯ ಕುಟುಂಬದ ಸಮಾಧಿಗೃಹದಲ್ಲಿ ಇಟ್ಟರು.

ಈ ದುಃಖದ ನಂತರ ಲಿಂಕನರು ದೇವರ ಚಿತ್ತದ ಕುರಿತು ಹೆಚ್ಚಾಗಿ ಆಲೋಚಿಸಿದರೆಂಬದು ಅವರ ಬರಹಗಳಿಂದ ಕಾಣುತ್ತದೆ. 1865ನೆಯ ಮಾರ್ಚ್ 4ರ ಅವರ ಭಾಷಣವು ಸತ್ಯವೇದದ ಮಾತುಗಳಿಂದ ತುಂಬಿದೆ. ಆದಾಗ್ಯೂ ಅವರು ಸಭೆಗೆ ಸೇರಲಿಲ್ಲ. ಅವರು ಗುಪ್ತವಾಗಿ ದೀಕ್ಷಾಸ್ನಾನ ಪಡೆದರೆಂದು ಕೆಲವರು ಕಥೆ ಕಟ್ಟಿದ್ದಾರೆ. ಅದಕ್ಕೆ ಆಧಾರವಿಲ್ಲ, ನಮಗೆ ಅದರ ಅವಶ್ಯವೂ ಇಲ್ಲ. ಹೃದಯಗಳನ್ನು ಬಲ್ಲಾತನು ಅವರನ್ನೂ ಬಲ್ಲನು. ಗರ್ಲಿಯವರಾಗಲಿ ಸಭೆಯವರಾಗಲಿ ಸದಸ್ಯನಲ್ಲವೆಂದು ಅವರನ್ನು ದೂರವಿಡಲಿಲ್ಲ.

1865ನೆಯ ಏಪ್ರಿಲ್ 14ರಂದು, ಶುಭ ಶುಕ್ರವಾರದ ರಾತ್ರಿ, ನಾಟಕಶಾಲೆಯಲ್ಲಿ ಒಬ್ಬನು ಲಿಂಕನರ ತಲೆಗೆ ಗುಂಡು ಹಾರಿಸಿದನು. ಎದುರಿನ ಮನೆಗೆ ಅವರನ್ನು ಹೊತ್ತುಕೊಂಡು ಹೋದರು. ಗರ್ಲಿಯವರಿಗೆ ಕರೆ ಹೋಯಿತು. ಮರುದಿನ ಬೆಳಿಗ್ಗೆ 7 ಗಂಟೆ 22 ನಿಮಿಷಕ್ಕೆ ಪ್ರಾಣ ಹೋದಾಗ ಮಂಚದ ಬಳಿಯಲ್ಲಿ ಮೊಣಕಾಲೂರಿ ಪ್ರಾರ್ಥಿಸಿದವರು ಅವರೇ. 19ರಂದು, ವಿಲ್ಲಿಯ ಶವಸಂಸ್ಕಾರದ ಪ್ರಸಂಗ ನಡೆದಿದ್ದ ಆ ಪೂರ್ವದ ಕೋಣೆಯಲ್ಲಿ ತಂದೆಯ ಶವಸಂಸ್ಕಾರದ ಪ್ರಸಂಗವನ್ನೂ ಅವರು ಮಾಡಿದರು. ಮೇರಿಯಮ್ಮನವರು ಈ ಸಾರಿಯೂ ಕೋಣೆಯಿಂದ ಹೊರಗೆ ಬರಲಾರದವರಾದರು.

ಅನಂತರ ವಿಲ್ಲಿಯ ಪೆಟ್ಟಿಗೆಯನ್ನು ಸಮಾಧಿಗೃಹದಿಂದ ತೆಗೆಸಿ ತಂದೆಯ ಪೆಟ್ಟಿಗೆಯೊಂದಿಗೆ ಒಂದೇ ರೈಲಿನಲ್ಲಿ ಸ್ಪ್ರಿಂಗ್‌ಫೀಲ್ಡಿಗೆ ಕಳುಹಿಸಿದರು. ಗರ್ಲಿಯವರೂ ಅಲ್ಲಿಗೆ ಪ್ರಯಾಣ ಮಾಡಿದರು. ಮೇ 4ರಂದು ಮೆಥೊಡಿಸ್ಟ್ ಬಿಷಪ್ ಸಿಂಪ್ಸನರು ಸಮಾಧಿಯ ಬಳಿ ಪ್ರಸಂಗ ಮಾಡಿದರು. ಅದು ಮುಗಿದ ಮೇಲೆ ಲಿಂಕನರು ಪರವೂರಿನಲ್ಲಿ ಹುಡುಕಿಕೊಂಡಿದ್ದ ಆ ಸಭೆಯ ಬೋಧಕರು ಕಡೆಯ ಪ್ರಾರ್ಥನೆಯನ್ನು ಮಾಡಿದರು.